ಬಂದ್ ಆಗಲೊಲ್ಲದ ಯಂತ್ರಗಳು

ಪುಣೆಯ ಗಣಕ ಚರಿತ್ರೆ ಎಂದರೆ ಎಲ್ಲರೂ 1991ರಲ್ಲಿ ಸಿ-ಡ್ಯಾಕ್ ಕಟ್ಟಿದ ಪರಮ್ 8000 ಸೂಪರ್‌ಕಂಪ್ಯೂಟರಿನ ಹೆಸರು ಹೇಳುತ್ತಾರೆ. ಹೇಳಬೇಕಾದದ್ದೇ. ಆದರೆ ವಿಜಯಪುರದಿಂದ ಬಂದು ಇಲ್ಲಿ ಕಂಪ್ಯೂಟರ್ ರಿಪೇರಿಯಲ್ಲೇ ಅನ್ನ ಕಂಡ ನನಗೆ ಈ ಊರಿನ ಗಣಕ ಚರಿತ್ರೆ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿದೆ. ಅಲ್ಲಿ ಎಸ್‌ಎಂಪಿಎಸ್, ಕೇಬಲ್ಲು ಕೊಂಡು ಜೋಡಿಸಿದ ಯಂತ್ರಗಳ ಮೇಲೆಯೇ ನಮ್ಮಂಥವರು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಕಲಿತದ್ದು.

ಲಿನಕ್ಸ್ ನಮಗೆ ಬಂದದ್ದು ಪತ್ರಿಕೆಯ ಜೊತೆಗೆ. 1996ರಲ್ಲಿ ಪಿಸಿ ಕ್ವೆಸ್ಟ್ ಮಾಸಿಕ ಲಿನಕ್ಸ್ ಸಿಡಿ ಹಂಚಿತು. ಬೆಂಗಳೂರಿನ ಅತುಲ್ ಚಿಟ್ನಿಸ್ ಅದರ ಹಿಂದಿದ್ದರು. ಡಯಲ್-ಅಪ್ ಫೋನ್ ಬಿಲ್ಲಿಗೆ ಹೆದರುತ್ತಿದ್ದ ಕಾಲದಲ್ಲಿ ಆ ಸಿಡಿ ಎಷ್ಟು ದೊಡ್ಡ ಉಪಕಾರ ಎಂಬುದನ್ನು ಇಂದಿನವರಿಗೆ ತಿಳಿಸುವುದು ಕಷ್ಟ.

ಲಿನಕ್ಸ್ ಹಾಕಿದ ಕೂಡಲೇ ಮೊದಲ ತಕರಾರು ಮಾನಿಟರಿನದು. ಗಾಜಿನ ಟ್ಯೂಬಿನ ಮಾನಿಟರು ಒಂದು ಸೆಕೆಂಡಿಗೆ ಎಷ್ಟು ಗೆರೆ ಎಳೆಯಬಲ್ಲದು ಎಂಬುದನ್ನು ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್‌ಫ್ರೀ86 (ಎಕ್ಸ್) ತಂತ್ರಾಂಶದ ಕಡತದಲ್ಲಿ ನಾವೇ ಬರೆಯಬೇಕಿತ್ತು. 640x480ಕ್ಕೆ 31.5 ಕಿಲೋಹರ್ಟ್ಸ್, 1024x768ಕ್ಕೆ ಸುಮಾರು 48. ಅಂಕಿ ತಪ್ಪಿದರೆ ಚಿತ್ರ ಅಡ್ಡಡ್ಡ ಹರಿದು ಓಡುತ್ತಿತ್ತು, ಇಲ್ಲವೇ ಪರದೆ ಕಪ್ಪು. ಮಾನಿಟರು ತನ್ನ ಶಕ್ತಿಯನ್ನು ತಾನೇ ಹೇಳಿಕೊಳ್ಳುವ ವ್ಯವಸ್ಥೆಯನ್ನು ವೆಸಾ ಸಂಸ್ಥೆ 1994ರಲ್ಲೇ ರೂಪಿಸಿತ್ತು. ಆದರೆ ನಮ್ಮ ಗಿರಾಕಿಗಳ ಮನೆಯಲ್ಲಿದ್ದದ್ದು ಸೆಕೆಂಡ್‌ಹ್ಯಾಂಡ್ ಮಾನಿಟರು. ಅದರ ಮ್ಯಾನ್ಯುಯಲ್ ಎಂದೋ ರದ್ದಿಗೆ ಹೋಗಿರುತ್ತಿತ್ತು. ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಒಟ್ಟಿಗೆ ಒತ್ತಿ ಎಕ್ಸ್ ನಿಲ್ಲಿಸುವುದು, ಅಂಕಿ ತಿದ್ದುವುದು, ಮತ್ತೆ ಶುರು ಮಾಡುವುದು. 2007-08ರ ಹೊತ್ತಿಗೆ ಆ ಕಡತವೇ ಹೆಚ್ಚುಕಡಿಮೆ ಬೇಡವಾಯಿತು.

ಯಂತ್ರ ಬಂದ್ ಮಾಡುವ ಕಷ್ಟ ಅದಕ್ಕಿಂತ ದೊಡ್ಡದು, ಏಕೆಂದರೆ ಅದರಲ್ಲಿ ಕರೆಂಟಿನ ಪಾಲೂ ಇತ್ತು. ಗುರುವಾರ ದುರಸ್ತಿಗೆಂದು ಕರೆಂಟು ತೆಗೆಯುವುದು ಪುಣೆಯ ರೂಢಿ, ಮೇಲೆ ಆಗ ಲೋಡ್‌ಶೆಡ್ಡಿಂಗ್ ಬೇರೆ. ಆಗಿನ ಎಕ್ಸ್ಟ್2 ಕಡತವ್ಯವಸ್ಥೆ ಬರೆದದ್ದನ್ನೆಲ್ಲ ತಕ್ಷಣ ಡಿಸ್ಕಿಗೆ ಇಳಿಸುತ್ತಿರಲಿಲ್ಲ, ಒಂದಷ್ಟು ಮೆಮೊರಿಯಲ್ಲೇ ಇರುತ್ತಿತ್ತು. ನಡುವೆ ಕರೆಂಟು ಹೋದರೆ ಮುಂದಿನ ಸಲ ಡಿಸ್ಕ್ ಪೂರ್ತಿ ತಪಾಸಣೆ. ಅದು ತಾನಾಗಿ ಸರಿಪಡಿಸಲಾರದೆ ನಿಂತರೆ ರೂಟ್ ಪಾಸ್‌ವರ್ಡ್ ಕೇಳುತ್ತಿತ್ತು. ಆಗ ಗಿರಾಕಿ ನನಗೆ ಫೋನ್ ಮಾಡುತ್ತಿದ್ದರು. 2001ರ ಕೊನೆಗೆ ಲಿನಕ್ಸಿನ ತಿರುಳಾದ ಕರ್ನಲ್‌ನ 2.4.15ನೇ ಆವೃತ್ತಿಯಲ್ಲಿ ಎಕ್ಸ್ಟ್3 ಸೇರಿತು. ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಂತೆ ಗುರುತು ಹಾಕಿಕೊಂಡು ಆಮೇಲೆ ಬರೆಯುವ ಆ ವಿಧಾನ ಪುಣೆಯಂಥ ಊರುಗಳಿಗೆ ಮಾಡಿದಷ್ಟು ಒಳಿತನ್ನು ಬೇರಾವ ಹೊಸ ಸೌಲಭ್ಯವೂ ಮಾಡಿಲ್ಲ ಎಂದೇ ನಾನು ನಂಬಿದ್ದೇನೆ.

ಕರೆಂಟು ಇದ್ದಾಗಲೂ ಯಂತ್ರ ಪೂರ್ತಿ ಆರುತ್ತಿರಲಿಲ್ಲ. ಹಳೆಯ ಎಟಿ ಕ್ಯಾಬಿನೆಟ್ಟಿನಲ್ಲಿ ಆರಿಸುವ ಅಧಿಕಾರ ಸಾಫ್ಟ್‌ವೇರಿಗೆ ಇರಲೇ ಇಲ್ಲ. 'ಸಿಸ್ಟಮ್ ಹಾಲ್ಟೆಡ್' ಎಂದು ಕಂಡ ಮೇಲೆ ಕೈಯಾರೆ ಸ್ವಿಚ್ ಒತ್ತಬೇಕು. 1995ರ ಎಟಿಎಕ್ಸ್ ವಿನ್ಯಾಸ ಆ ಅಧಿಕಾರ ಕೊಟ್ಟಿತು, 1996ರ ಕೊನೆಗೆ ವಿದ್ಯುತ್ ನಿರ್ವಹಣೆಯ ಎಸಿಪಿಐ ನಿಯಮಾವಳಿ ಬಂತು. ಆದರೂ ಬಯೋಸ್ 2001ಕ್ಕಿಂತ ಹಳೆಯದಾದರೆ ಕೆಲವು ಕರ್ನಲ್‌ಗಳು ಎಸಿಪಿಐಯನ್ನು ನಂಬುತ್ತಿರಲಿಲ್ಲ. ಬೂಟ್ ಸಾಲಿನ ಕೊನೆಗೆ 'ಎಸಿಪಿಐ=ಫೋರ್ಸ್' ಎಂದು ಸೇರಿಸಿದರೆ ಫ್ಯಾನ್ ತಣ್ಣಗೆ ನಿಲ್ಲುತ್ತಿತ್ತು. ಯಂತ್ರ ಪೂರ್ತಿ ಜಡವಾದಾಗ ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಹಿಡಿದು ಎಸ್, ಯು, ಬಿ ಒಂದಾದ ಮೇಲೊಂದು ಒತ್ತುವುದು: ಮೆಮೊರಿಯಲ್ಲಿದ್ದದ್ದು ಡಿಸ್ಕಿಗೆ ಇಳಿಯುತ್ತದೆ, ಡಿಸ್ಕಿನ ಮೇಲೆ ಬರೆಯುವುದು ನಿಲ್ಲುತ್ತದೆ, ಯಂತ್ರ ಮರಳಿ ಏಳುತ್ತದೆ. ಇಂದಿಗೂ ಕೆಲಸಕ್ಕೆ ಬರುತ್ತದೆ, ಕಲಿತಿಡಿ.

ಕನ್ನಡಿಗರಿಗೆ ಪರದೆಯ ತಕರಾರು ಇನ್ನೊಂದಿತ್ತು. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು, ಇಲ್ಲವೇ ಅಕ್ಷರವಿರಬೇಕಾದಲ್ಲಿ ಖಾಲಿ ಚೌಕ. ಅದಕ್ಕೆ ಉತ್ತರ ಹುಟ್ಟಿದ್ದೂ ಈ ಊರಿನಲ್ಲೇ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ರೂಪಿಸಿದ ಲೋಹಿತ್ ಫಾಂಟುಗಳನ್ನು ರೆಡ್ ಹ್ಯಾಟ್ 2004ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿತು. ಲೋಹಿತ್ ಕನ್ನಡವೂ ಆ ಸರಣಿಯದೇ. ಮರಾಠಿ ಊರಿನಲ್ಲಿ ಕೂತವರು ನಮ್ಮ ಲಿಪಿಗೆ ಮಾಡಿದ ಆ ಕೆಲಸಕ್ಕೆ ನಾನು ಋಣಿ.

ಇದನ್ನೆಲ್ಲ ನಾವು ಕಲಿತದ್ದು ಒಬ್ಬರಿಂದೊಬ್ಬರು. ಪುಣೆ ಲಿನಕ್ಸ್ ಬಳಕೆದಾರರ ಗುಂಪಿನವರು ಮಾಡೆಲ್ ಕಾಲೊನಿಯ ಸಿಂಬಯಾಸಿಸ್ ಕಂಪ್ಯೂಟರ್ ಕಾಲೇಜಿನಲ್ಲಿ ಸೇರುತ್ತಿದ್ದರು; ಮುಕ್ತ ತಂತ್ರಾಂಶದ ಗ್ನೂನಿಫೈ ಸಮ್ಮೇಳನವೂ ಅಲ್ಲೇ ನಡೆಯುತ್ತಿತ್ತು. ಅಲ್ಲಿ ಕೇಳಿದ್ದನ್ನು ಕಾಗದದ ಮೇಲೆ ಗೀಚಿಕೊಂಡು ಬಂದವರು ನೂರಾರು ಮನೆಗಳ ಯಂತ್ರ ನಡೆಸಿದ್ದಾರೆ. ಅಂಥ ನೋಟ್‌ಬುಕ್ಕು, ಪತ್ರಿಕೆಯ ಹಳೆಯ ಸಿಡಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಯಾವ ಮದರ್‌ಬೋರ್ಡಿಗೆ ಯಾವ ಸಾಲು ಬರೆದಿರಿ, ಏಕೆ ಬರೆದಿರಿ ಎಂಬುದನ್ನು ಇಸವಿ ಹಾಕಿ, ಕನ್ನಡದಲ್ಲೇ ಬರೆದಿಡಿ.