ಎರೆಯ ನೆಲಕ್ಕೆ ಬಂದ ಅಮೆರಿಕದ ತೋಟಗಾರರು

ಪರದೇಶದಲ್ಲಿ ಮನೆ ಹೂಡಿದವನ ಪೇಚಾಟವು ದೂರದಲ್ಲಿ ಕುಳಿತು ಕೇಳುವವರಿಗೆ ಸೊಗಸಾದ ವಿಷಯ. ಅಮೆರಿಕದವನೊಬ್ಬನು ಫ್ರಾನ್ಸಿನಲ್ಲಿ ನೆಲಸಿ, ನಡುಹಗಲಲ್ಲಿ ಅಂಗಡಿಗಳು ಬಾಗಿಲಿಕ್ಕುವುದನ್ನೂ, ಅಂಗಡಿಯವನಿಗೆ ಮೊದಲು ವಂದನೆ ಹೇಳದೆ ಸಾಮಾನು ಕೇಳುವುದು ಒರಟುತನವೆನಿಸುವುದನ್ನೂ ಕಂಡು ಕಕ್ಕಾಬಿಕ್ಕಿಯಾಗುವ ಕಥೆಗಳನ್ನು ನಮ್ಮಲ್ಲಿ ಅನೇಕರು ಓದಿರುವರು. ಆದರೆ ಅದೇ ಅಮೆರಿಕದ ಕೆಲವರು ಸುಮಾರು ನೂರ ಎಂಬತ್ತು ವರ್ಷಗಳ ಹಿಂದೆ ನಮ್ಮ ಧಾರವಾಡ ಸೀಮೆಗೆ ಬಂದು, ಎರೆಯ ಹೊಲದ ಬದುವಿನ ಮೇಲೆ ನಿಂತು, ನಮ್ಮ ಒಕ್ಕಲಿಗನ ನಡೆನುಡಿಗಳಿಗೆ ಬೆಕ್ಕಸಬೆರಗಾಗಿದ್ದರೆಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಇಂದಿನ ಮಾತಿಗೆ ಆ ಮರೆತ ಸಂಗತಿಯನ್ನೇ ಆರಿಸಿಕೊಂಡಿದ್ದೇವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಆಗ ಧಾರವಾಡ ಜಿಲ್ಲೆಗೆ ಸೇರಿದ್ದುವು. ಹಾವೇರಿಯು ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಬಿಳಿಯ ಮೋರೆಯನ್ನು ಈ ಊರುಗಳು ಅದಕ್ಕೆ ಮುಂಚೆಯೂ ಕಂಡಿದ್ದುವು. 1800ರ ಜೂನಿನಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ತುಂಗಭದ್ರೆಯನ್ನು ದಾಟಿದ ಆರ್ಥರ್ ವೆಲ್ಲೆಸ್ಲಿಯ ದಂಡು ರಾಣೆಬೆನ್ನೂರಿನ ಕೋಟೆಯನ್ನು ಲಗ್ಗೆಹತ್ತಿ ಹಿಡಿದಿತ್ತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿಯು ಈತನೇ. ಆದರೆ ದಂಡಿನವನಿಗೆ ಪರದೇಶದ ಬಾಳಿನ ಅನುಭವವಾಗುವುದು ಕಡಮೆ. ಅವನು ತನ್ನ ಊರನ್ನು ಡೇರೆಯೊಳಗೆ ಕಟ್ಟಿಕೊಂಡೇ ಬಂದಿರುತ್ತಾನೆ. ಬಿತ್ತಿ ಬೆಳೆಯಲು ಬಂದವನ ಪಾಡು ಬೇರೆ. ಅವನು ಮಳೆಗೆ ಕಾಯಬೇಕು, ಎತ್ತಿಗೆ ಕಾಯಬೇಕು, ನೆರೆಹೊರೆಯವನ ಮನಸ್ಸಿಗೂ ಕಾಯಬೇಕು.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳು ಆ ಕಾಲದಲ್ಲಿ ನೂಲುತ್ತಿದ್ದ ಹತ್ತಿಯ ಬಹುಪಾಲು ಅಮೆರಿಕದ ತೆಂಕಣ ಸಂಸ್ಥಾನಗಳಿಂದ ಬರುತ್ತಿದ್ದಿತು. ಒಂದೇ ಬಾವಿಯ ನೀರನ್ನು ನಂಬಿ ಬದುಕುವುದು ಜಾಣತನವಲ್ಲವೆಂದು ಗಿರಣಿಯ ಒಡೆಯರು ಕುಂಪಣಿ ಸರಕಾರವನ್ನು ಕಾಡತೊಡಗಿದರು. ಹಿಂದುಸ್ಥಾನದ ಹತ್ತಿಯೋ, ಎಳೆ ಗಿಡ್ಡ, ಕಸ ಹೆಚ್ಚು. ಕಡೆಗೆ ಕುಂಪಣಿಯವರು ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯನ್ನು ಅಮೆರಿಕಕ್ಕೆ ಕಳುಹಿಸಿದರು. ಆತನು ಅಲ್ಲಿ ಹತ್ತಿಯ ಬೇಸಾಯದಲ್ಲಿ ನುರಿತ ಹತ್ತು ಮಂದಿ ತೋಟಗಾರರನ್ನು ಸಂಬಳಕ್ಕೆ ಗೊತ್ತುಮಾಡಿ, ಬೀಜ, ನೇಗಿಲು, ಹತ್ತಿ ಬಿಡಿಸುವ ಗರಗಸದ ಯಂತ್ರಗಳ ಸಮೇತ 1840ರಲ್ಲಿ ಇಲ್ಲಿಗೆ ಕರೆತಂದನು. ಹತ್ತು ಮಂದಿಯನ್ನೂ ಮೂರು ಇಲಾಖೆಗಳಿಗೆ ಹಂಚಲಾಯಿತು. ಮುಂಬಯಿ ಇಲಾಖೆಯವರು ಮೊದಲು ಕೈಹಾಕಿದ್ದು ಗುಜರಾತಿನ ಭರೂಚಿನಲ್ಲಿ. ಅಲ್ಲಿ ಫಲ ಸಿಗಲಿಲ್ಲ. ಬಳಿಕ ಧಾರವಾಡದ ಸರದಿ ಬಂದಿತು. ಕಲೆಕ್ಟರ್ ಷಾ ಎಂಬಾತನು ಈ ಕೆಲಸದಲ್ಲಿ ಬಹಳ ಆಸ್ಥೆಯುಳ್ಳವನಾಗಿದ್ದನು. ಹುಬ್ಬಳ್ಳಿಯ ಬಳಿ ಕುಸುಗಲ್ಲಿನಲ್ಲಿ ಸರಕಾರದ ಪ್ರಯೋಗದ ತೋಟವೊಂದು ಎದ್ದಿತು. ಅಲ್ಲಿ ಕೆಲಸ ನಡೆಸಿದ ಅಮೆರಿಕದವರಲ್ಲಿ ಮರ್ಸರ್ ಎಂಬವನ ಹೆಸರು ಮುಖ್ಯವಾದುದು.

ಈ ಮರ್ಸರನ ಕಣ್ಣಿನಿಂದ ಒಮ್ಮೆ ನಮ್ಮ ನೆಲವನ್ನು ನೋಡೋಣ. ಅವನ ದೇಶದಲ್ಲಿ ಹತ್ತಿಯ ಬೀಜವು ನೆಲಕ್ಕೆ ಬೀಳುವುದು ವಸಂತದಲ್ಲಿ. ಇಲ್ಲಿ ವಸಂತದಲ್ಲಿ ಎರೆಯು ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿದುಕೊಂಡು ಬಿದ್ದಿರುತ್ತದೆ. ಬಿತ್ತನೆಯು ಶ್ರಾವಣ ಭಾದ್ರಪದಗಳಲ್ಲಿ, ಬಿಡಿಸುವುದು ಮಾಘ ಫಾಲ್ಗುಣಗಳಲ್ಲಿ. ಅವನ ಪಂಚಾಂಗದಲ್ಲಿ ತಿಂಗಳುಗಳಿವೆ. ನಮ್ಮ ರೈತನ ಬಾಯಲ್ಲಿ ರೋಹಿಣಿ, ಮೃಗಶಿರ, ಆರಿದ್ರ, ಉತ್ತರೆ, ಹಸ್ತ, ಸ್ವಾತಿ. ಯಾವ ಮಳೆಗೆ ಏನು ಬಿತ್ತಬೇಕೆಂಬುದನ್ನು ಓದುಬಾರದ ಮುದುಕನೂ ಬೆರಳೆಣಿಸಿ ಹೇಳುತ್ತಾನೆ. ಇನ್ನು ಸೋಮವಾರ ಬಂದಿತೆಂದರೆ ಎತ್ತಿನ ಹೆಗಲಿಗೆ ನೊಗವಿಡುವ ಮಾತಿಲ್ಲ. ಅದು ಬಸವಣ್ಣನ ದಿನ. ಕ್ರೈಸ್ತನಾದ ತೋಟಗಾರನಿಗೆ ಅದರ ಹಿಂದಿನ ದಿನವೇ ವಿಶ್ರಾಂತಿಯ ದಿನ. ಮೋಡ ಕವಿದು, ಬಿತ್ತುವ ಹದ ಮೀರುತ್ತಿರುವಾಗ ಒಂದು ದಿನ ದೇವರಿಗಾಗಿಯೂ ಮತ್ತೊಂದು ದಿನ ಎತ್ತಿಗಾಗಿಯೂ ಹೊಲವು ಸುಮ್ಮನೆ ಬಿದ್ದಿರುವ ಚಿತ್ರವನ್ನು ನೆನೆದರೆ ನಮಗೆ ನಗು ಬರುತ್ತದೆ, ಅವನಿಗೆ ಬಂದಿರಲಾರದು.

ಸಲಕರಣೆಗಳ ವಿಚಾರದಲ್ಲಿ ಬೆರಗು ಇನ್ನೂ ದೊಡ್ಡದು. ಅಮೆರಿಕದ ಪದ್ಧತಿಯಲ್ಲಿ ವರ್ಷವರ್ಷವೂ ಆಳವಾಗಿ ಉಳಬೇಕು, ಬೋದು ಎತ್ತಬೇಕು, ಬೋದಿನ ಮೇಲೆ ದೂರ ದೂರವಾಗಿ ಗಿಡ ನಿಲ್ಲಿಸಬೇಕು. ನಮ್ಮ ಎರೆಯ ಒಕ್ಕಲಿಗನು ಜೋಡುಜೋಡು ಎತ್ತು ಕಟ್ಟಿ ದೊಡ್ಡ ರಂಟೆಯನ್ನು ಹೂಡುವುದು ಎಷ್ಟೋ ವರ್ಷಕ್ಕೊಮ್ಮೆ. ಉಳಿದ ವರ್ಷಗಳಲ್ಲಿ ಕುಂಟೆ ಹೊಡೆದು ಸುಮ್ಮನಾಗುತ್ತಾನೆ. ನೋಡಿದವರಿಗೆ ಇದು ಸೋಮಾರಿತನವೆಂದು ತೋರುವುದು ಸಹಜ. ಆದರೆ ಬೇಸಿಗೆಯಲ್ಲಿ ಬಿರಿದು, ಮೇಲಿನ ಪುಡಿಯನ್ನು ತನ್ನ ಬಿರುಕಿನೊಳಗೇ ನುಂಗಿ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವ ಎರೆಯು ತನ್ನನ್ನು ತಾನೇ ಉಳುವ ನೆಲ. ಅದನ್ನು ಪ್ರತಿವರ್ಷ ಅಗೆದು ತಿರುವಿದರೆ ಒಳಗಿನ ಹಸಿಯನ್ನು ಗಾಳಿಗೆ ಕೊಟ್ಟಂತೆ. ಬಿತ್ತನೆಯ ಬೀಜಕ್ಕೆ ಸೆಗಣಿ, ಮಣ್ಣು, ನೀರು ಬೆರೆಸಿ, ಹುರಿಯ ಹೊರಸಿನ ಮೇಲೆ ಹಾಕಿ ಉಜ್ಜುವುದನ್ನು ಕಂಡು ಅವನು ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ. ಹಾಗೆ ಉಜ್ಜದಿದ್ದರೆ ನಾರು ಹತ್ತಿದ ಬೀಜಗಳು ಒಂದಕ್ಕೊಂದು ಅಂಟಿಕೊಂಡು ಕೂರಿಗೆಯ ಬಿದಿರುಕೊಳವೆಯಲ್ಲಿ ಇಳಿಯುವುದೇ ಇಲ್ಲ. ಪ್ರತಿಯೊಂದು ವಿಚಿತ್ರಕ್ಕೂ ಹೀಗೆ ಒಂದು ಕಾರಣವಿದ್ದಿತು; ಕಾರಣವನ್ನು ಯಾರೂ ಹೇಳುತ್ತಿರಲಿಲ್ಲ, ಏಕೆಂದರೆ ಹೇಳಬೇಕಾದ ಪ್ರಸಂಗವೇ ಯಾರಿಗೂ ಅದುವರೆಗೆ ಬಂದಿರಲಿಲ್ಲ.

ಇವೆಲ್ಲಕ್ಕಿಂತ ಆಳವಾದ ವ್ಯತ್ಯಾಸವೊಂದಿದೆ. ಅದನ್ನು ಬಿಟ್ಟು ಈ ಕಥೆಯನ್ನು ಹೇಳುವುದು ನ್ಯಾಯವಾಗದು. ಅಮೆರಿಕದ ತೆಂಕಣ ಸೀಮೆಯ ಹತ್ತಿಯನ್ನು ಬೆಳೆಯುತ್ತಿದ್ದವರು ಗುಲಾಮರು. ಅಲ್ಲಿ ತೋಟಗಾರನೆಂದರೆ ಆಳುಗಳನ್ನು ದುಡಿಸುವವನು. ದುಡಿಯುವವನ ಅಭಿಪ್ರಾಯವನ್ನು ಕೇಳುವ ವಾಡಿಕೆ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಇಲ್ಲಿಯೂ ಜೀತವೂ ಹುಟ್ಟಿನ ಮೇಲುಕೀಳೂ ಇರಲಿಲ್ಲವೆಂದು ನಾವು ಹೇಳಲಾರೆವು. ಹಿಂದುಸ್ಥಾನದಲ್ಲಿ ಗುಲಾಮಗಿರಿಯ ಕಾನೂನುಬಲವನ್ನು ಕಿತ್ತುಹಾಕಿದ ಶಾಸನವು ಬಂದದ್ದೇ 1843ರಲ್ಲಿ, ಅಂದರೆ ಈ ತೋಟಗಾರರು ಇಲ್ಲಿರುವಾಗಲೇ. ಆದರೂ ಎರೆಯ ಹೊಲದ ರೈತನು ತನ್ನ ಹೆಸರಿನಲ್ಲಿ ಕಂದಾಯ ಕಟ್ಟುವವನು, ತನ್ನ ಎತ್ತು ತನ್ನ ಕೂರಿಗೆಗಳಿಂದ ತನ್ನ ಹೊಣೆಯಲ್ಲಿ ಬಿತ್ತುವವನು. ಅದೇ ವರ್ಷಗಳಲ್ಲಿ ವಿಂಗೇಟನ ಅಳತೆಯವರು ಹೊಲಹೊಲವನ್ನೂ ಅಳೆದು ಅವನ ಹೆಸರನ್ನು ದಫ್ತರಿನಲ್ಲಿ ಬರೆಯುತ್ತಿದ್ದರು. ಹೊಸ ಬೀಜವು ಸೋತರೆ ನಷ್ಟ ಅವನದು. ಆದ್ದರಿಂದ ‘ಬೇಡ’ ಎನ್ನುವ ಅಧಿಕಾರವೂ ಅವನದು. ಅಪ್ಪಣೆ ಮಾಡಿ ಬೆಳೆಸುವ ದೇಶದಿಂದ ಬಂದವನು ಇಲ್ಲಿ ಒಪ್ಪಿಸಿ ಬೆಳೆಸಬೇಕಾಯಿತು. ಪರದೇಶವಾಸದ ಬೆರಗುಗಳಲ್ಲಿ ಇದಕ್ಕೆ ಮಿಗಿಲಾದುದು ಇನ್ನಾವುದು?

1845ರಲ್ಲಿ ಮರ್ಸರನು ಸರಕಾರಕ್ಕೆ ಒಂದು ಅರಿಕೆಯನ್ನು ಮಾಡಿಕೊಂಡನು. ಪ್ರಯೋಗದ ತೋಟಗಳು ಬೊಕ್ಕಸಕ್ಕೆ ದಂಡ; ಅಮೆರಿಕದ ಪದ್ಧತಿಯು ಹಿಂದುಸ್ಥಾನಕ್ಕೆ ಹೊಂದತಕ್ಕುದಲ್ಲ; ತಮ್ಮ ಹವೆಯನ್ನೂ ಮಣ್ಣಿನ ಕಸುವನ್ನೂ ಬಲ್ಲ ಇಲ್ಲಿಯ ಜನರು ಯಾವ ಯೂರೋಪಿಯನ್ನನಿಗಿಂತಲೂ ಚೆನ್ನಾಗಿ, ಅವನಿಗಿಂತ ಬಹಳ ಕಡಮೆ ಖರ್ಚಿನಲ್ಲಿ ಬೇಸಾಯ ಮಾಡಬಲ್ಲರು; ಆದ್ದರಿಂದ ತೋಟಗಳನ್ನು ಮುಚ್ಚಿಬಿಡುವುದು ಲೇಸು ಎಂಬುದು ಅದರ ತಾತ್ಪರ್ಯ. ಕಲಿಸಲೆಂದು ಸಂಬಳಕೊಟ್ಟು ಕರೆತಂದವನು ಶಿಷ್ಯನಿಗೇ ಗುರುವಿನ ಪೀಠವನ್ನು ಬಿಟ್ಟುಕೊಟ್ಟ ಸನ್ನಿವೇಶವಿದು. ತನ್ನ ಜೀವನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವಂಥ ಮಾತನ್ನು ಸರಕಾರಕ್ಕೆ ಬರೆದು ಕಳುಹಿಸಲು ಎದೆ ಬೇಕು. ಆ ಕಾಲದ ದಫ್ತರುಗಳಲ್ಲಿ ನಮ್ಮ ರೈತನ ಬುದ್ಧಿಗೆ ಇಂಥ ಸಾಕ್ಷ್ಯ ಸಿಗುವುದು ಅಪರೂಪ. ಅದನ್ನು ಕೊಟ್ಟವನು ಪರಕೀಯನೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಹಾಗೆಂದು ನಮ್ಮವರು ಬಂದುದೆಲ್ಲವನ್ನೂ ತಳ್ಳಿಬಿಟ್ಟರೆಂದು ತಿಳಿಯಬಾರದು. ನೇಗಿಲನ್ನು ಬಿಟ್ಟರು, ಬೋದನ್ನು ಬಿಟ್ಟರು, ಬೀಜವನ್ನು ಮಾತ್ರ ಇಟ್ಟುಕೊಂಡರು. ನ್ಯೂ ಆರ್ಲಿಯನ್ಸಿನ ಬೀಜವು ಗುಜರಾತಿನಲ್ಲಿ ಒಗ್ಗದಿದ್ದರೂ ಧಾರವಾಡದ ತಂಪು ಹವೆಗೆ, ಹಿಂಗಾರಿನ ಹನಿಗೆ ಒಗ್ಗಿಕೊಂಡಿತು. ಜನರು ಅದನ್ನು ವಿಲಾಯತಿ ಹತ್ತಿ ಎಂದರು. ಊರ ಹತ್ತಿಯು ಜವಾರಿಯಾಯಿತು. ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದ ಜವಾರಿಗೆ ಪೇಟೆಯಲ್ಲಿ ‘ಕುಮ್ಟಾ’ ಎಂದೂ, ವಿಲಾಯತಿಗೆ ‘ಧಾರವಾಡ್ ಅಮೆರಿಕನ್’ ಎಂದೂ ಹೆಸರು ನಿಂತಿತು. ಬೀಜವನ್ನು ಇಟ್ಟುಕೊಂಡ ಮೇಲೆ ಗರಗಸದ ಯಂತ್ರವನ್ನೂ ಇಟ್ಟುಕೊಳ್ಳಬೇಕಾಯಿತು. ಮೊದಲು ಹೆಂಗಸರು ಗಿಡ್ಡ ಮಣೆಯ ಮೇಲೆ ಕುಳಿತು, ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸುತ್ತ ಬೀಜವನ್ನು ಬೇರೆ ಮಾಡುತ್ತಿದ್ದರು. ವಿಲಾಯತಿಯ ಎಳೆಯು ಬೀಜವನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಕಾಲಿಗೆ ಅದು ಬಗ್ಗಲಿಲ್ಲ. ಧಾರವಾಡದಲ್ಲಿ ಗರಗಸದ ಯಂತ್ರಗಳನ್ನು ಮಾಡುವ, ರಿಪೇರಿ ಮಾಡುವ ಸರಕಾರಿ ಕಾರ್ಖಾನೆಯಾಯಿತು. ನಮ್ಮ ಬಡಗಿ ಕಮ್ಮಾರರ ಕೈಗೆ ಆ ವಿದ್ಯೆ ಹತ್ತಿತು. ಸಲಾಕೆ ಉರುಳಿಸುತ್ತಿದ್ದ ಹೆಂಗಸರ ಕೂಲಿಯ ಮಾತನ್ನು ಅಂದಿನ ವರದಿಗಾರರು ಅಷ್ಟಾಗಿ ಎತ್ತಲಿಲ್ಲ.

ತೋಟಗಾರರು ಇಲ್ಲಿ ಬಹುಕಾಲ ನಿಲ್ಲಲಿಲ್ಲ. ಅವರು ಹೋದ ಮೇಲೆ, 1861ರಲ್ಲಿ, ಅವರ ದೇಶದಲ್ಲಿ ಗುಲಾಮಗಿರಿಯ ವ್ಯಾಜ್ಯವು ಯುದ್ಧವಾಗಿ ಸಿಡಿಯಿತು. ಅಮೆರಿಕದ ಬಂದರುಗಳು ಮುಚ್ಚಿದುವು. ಮ್ಯಾಂಚೆಸ್ಟರಿನ ದೃಷ್ಟಿಯು ನಮ್ಮ ಎರೆಯ ಕಡೆಗೆ ತಿರುಗಿತು. ಹತ್ತಿಯ ಬೆಲೆ ಯಾರೂ ಕಂಡರಿಯದಷ್ಟು ಏರಿತು. ಆಸೆಗೆ ಬಿದ್ದವರು ವಿಲಾಯತಿಯಲ್ಲಿ ಜವಾರಿಯನ್ನೂ, ಹತ್ತಿಯಲ್ಲಿ ಕಸವನ್ನೂ ಬೆರೆಸಿದರೆಂದು 1863ರಲ್ಲಿ ಮುಂಬಯಿ ಸರಕಾರವು ಹತ್ತಿಯ ಕಲಬೆರಕೆಗೆ ಶಿಕ್ಷೆ ವಿಧಿಸುವ ಕಾನೂನನ್ನೇ ತಂದಿತು. 1865ರಲ್ಲಿ ಯುದ್ಧ ನಿಂತೊಡನೆ ಬೆಲೆ ಕುಸಿಯಿತು. ಹನ್ನೊಂದು ವರ್ಷದ ತರುವಾಯ, 1876ರಲ್ಲಿ, ಮಳೆ ಕೈಕೊಟ್ಟು ದೊಡ್ಡ ಬರ ಬಂದಾಗ, ಹತ್ತಿಯನ್ನು ತಿನ್ನಲಾಗುವುದಿಲ್ಲವೆಂಬುದು ಈ ಸೀಮೆಗೆ ಅತಿ ಕಠೋರವಾಗಿ ಮನವರಿಕೆಯಾಯಿತು.

ಇಷ್ಟು ಹೇಳಿದ ಮೇಲೆ ಬ್ಯಾಡಗಿಯ ಮಾತನ್ನು ಬಿಡುವಂತಿಲ್ಲ. ಮರ್ಸರನಿಗೆ ಈ ಸೀಮೆಯ ಊಟವು ಖಾರವೆನಿಸಿದ್ದರೆ ಆ ಖಾರವು ಅವನ ಖಂಡದ್ದೇ! ಮೆಣಸಿನಕಾಯಿಯು ಅಮೆರಿಕದಲ್ಲಿ ಹುಟ್ಟಿ, ಪೋರ್ತುಗೀಜರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದು, ನಮ್ಮ ಹಳೆಯ ಮೆಣಸಿನ ಹೆಸರನ್ನೇ ಕಸಿದುಕೊಂಡು ಘಟ್ಟ ಹತ್ತಿದ ಬೆಳೆ. ಬ್ಯಾಡಗಿಯ ಸುತ್ತಿನ ನೆಲದಲ್ಲಿ ಅದು ಖಾರವನ್ನು ತಗ್ಗಿಸಿಕೊಂಡು ಬಣ್ಣವನ್ನು ಹೆಚ್ಚಿಸಿಕೊಂಡಿತು. ನೆರಿಗೆಗಟ್ಟಿದ ಸಿಪ್ಪೆಯ ಆ ಕಡುಗೆಂಪು ಕಾಯಿಗೆ 2011ರಲ್ಲಿ ಊರಿನ ಹೆಸರಿನ ಮೇಲೆಯೇ ಭೌಗೋಳಿಕ ಗುರುತಿನ ಮುದ್ರೆ ದೊರೆಯಿತು. ಇಷ್ಟು ಪೂರ್ಣವಾಗಿ ಊರವನಾದ ಪರದೇಶಿ ಇನ್ನೊಬ್ಬನಿಲ್ಲ. ದೂರದ ಪೇಟೆಯನ್ನು ನಂಬಿದ ಬಾಳಿನ ಆತಂಕ ಮಾತ್ರ ಹತ್ತಿಯಂತೆ ಇದನ್ನೂ ಬಿಟ್ಟಿಲ್ಲ: 2024ರ ಮಾರ್ಚಿಯಲ್ಲಿ ಬೆಲೆ ಥಟ್ಟನೆ ಬಿದ್ದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸಿಟ್ಟಿಗೆದ್ದ ಬೆಳೆಗಾರರಿಂದ ವಾಹನಗಳಿಗೆ ಬೆಂಕಿ ಬಿದ್ದಿತು. ಹಾವೇರಿಯ ಹೊಲಗಳನ್ನು ಈಗ ತುಂಬಿರುವ ಗೋವಿನಜೋಳವೂ ಅಮೆರಿಕದ್ದೇ. ಮರ್ಸರನ ಊರಿನಲ್ಲಿ ಅದು ದಿನದ ರೊಟ್ಟಿಯ ಧಾನ್ಯ. ನಮ್ಮವರು ರೊಟ್ಟಿಗೆ ಬಿಳಿಜೋಳವನ್ನೇ ಉಳಿಸಿಕೊಂಡು, ಇದನ್ನು ಹೆಚ್ಚಾಗಿ ಕೋಳಿ ದನಗಳ ಮೇವಿನ ಪೇಟೆಗೆ ಕಳುಹಿಸುತ್ತಾರೆ.

ವಿಲಾಯತಿ ಹತ್ತಿಯ ವಂಶ ಏನಾಯಿತೆಂದು ಕೇಳುವವರಿಗೆ ಒಂದು ಮಾತು. ಇಪ್ಪತ್ತನೆಯ ಶತಮಾನದಲ್ಲಿ ಬೇಸಾಯದ ಇಲಾಖೆಯವರು ಧಾರವಾಡ್ ಅಮೆರಿಕನ್ ಹತ್ತಿಯಿಂದ ಒಳ್ಳೆಯ ಗಿಡಗಳನ್ನು ಆರಿಸಿ ‘ಗದಗ 1’ ಎಂಬ ತಳಿಯನ್ನು ಬೇರ್ಪಡಿಸಿದರು. ಅದಕ್ಕೆ ಕೊಯಮತ್ತೂರಿನ ಕಂಬೋಡಿಯ ಹತ್ತಿಯನ್ನು ಕೂಡಿಸಿ ‘ಲಕ್ಷ್ಮಿ’ಯನ್ನು ಪಡೆದರು. ಆ ಲಕ್ಷ್ಮಿಯನ್ನು ತಾಯಿಯಾಗಿಟ್ಟುಕೊಂಡು, ನೀಳವಾದ ಎಳೆಯ ಮತ್ತೊಂದು ಜಾತಿಯನ್ನು ತಂದೆಯಾಗಿಟ್ಟುಕೊಂಡು, ಧಾರವಾಡದ ವಿಜ್ಞಾನಿ ಬಿ. ಎಚ್. ಕಟರಕಿಯವರು 1972ರಲ್ಲಿ ‘ವರಲಕ್ಷ್ಮಿ’ ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದರು. ಹೈಬ್ರಿಡ್ ಬೀಜವು ಯಂತ್ರದಲ್ಲಿ ಆಗುವಂಥದಲ್ಲ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯು ದೊಡ್ಡ ಕಸುಬಾಗಿ ಬೆಳೆಯಿತು. ಅಲ್ಲಿಯ ತಾಕುಗಳಲ್ಲಿ ಹೆಂಗಸರು ಸಂಜೆಯ ಹೊತ್ತು ನಾಳೆ ಅರಳುವ ಮೊಗ್ಗನ್ನು ಉಗುರಿನಿಂದ ಬಿಡಿಸಿ ಗಂಡುಕೇಸರಗಳನ್ನು ತೆಗೆದು ಗುರುತು ಕಟ್ಟುತ್ತಾರೆ. ಮರುದಿನ ಬೆಳಗ್ಗೆ ಬಿಸಿಲೇರುವ ಮುಂಚೆ, ಬೇರೆ ತಾಕಿನಿಂದ ತಂದ ಹೂವಿನ ಪರಾಗವನ್ನು ಅದೇ ಮೊಗ್ಗಿಗೆ ಮುಟ್ಟಿಸುತ್ತಾರೆ.