ಐವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದ ರುಮಾಲೆ

ಕೆಂಕೆರೆಯ ನಮ್ಮ ತೋಟದ ಬದುವಿನಲ್ಲಿ ಒಂದು ಹಳೇ ಹುಣಸೆಮರ ಇತ್ತು. ಕಡಿದು ಆರು ವರ್ಷವಾಯಿತು. ನನ್ನ ಫೋನಿನಲ್ಲಿ ಸಾವಿರಾರು ಫೋಟೊಗಳಿವೆ, ಆ ಮರದ್ದು ಒಂದೂ ಇಲ್ಲ. ವರದಿಗಾರ ಅಂತ ಹೇಳಿಕೊಂಡು ಊರೂರು ಸುತ್ತುವ ನನಗೆ ಮನೆ ಪಕ್ಕದ ಮರ ಕಾಣಲಿಲ್ಲ. ಅದು ನೆನಪಾದಾಗಲೆಲ್ಲ ರುಮಾಲೆ ಚನ್ನಬಸವಯ್ಯನವರೂ ನೆನಪಾಗುತ್ತಾರೆ.

ರುಮಾಲೆಯವರು ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿ ಚಿತ್ರಕಲೆ ಕಲಿತರು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೂ ಸೇರಿದರು. ಅಷ್ಟರಲ್ಲಿ ಸ್ವಾತಂತ್ರ್ಯ ಚಳವಳಿ ಕರೆಯಿತು. ಓದು ಬಿಟ್ಟು ಹೋದರು, ಜೈಲು ಕಂಡರು, ಸೇವಾದಳದಲ್ಲಿ ದುಡಿದರು. ಮುಂದೆ ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು.

ಅಷ್ಟು ದೂರ ನಡೆದವರು ಹಳೇ ಕುಂಚವನ್ನು ಮರೆತೇ ಬಿಡುತ್ತಾರೆ ಅಂದುಕೊಳ್ಳುತ್ತೇವೆ. ರುಮಾಲೆ ಮರೆಯಲಿಲ್ಲ. 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಬಣ್ಣ ಕಲಸಿದರು. 1988ರಲ್ಲಿ ತೀರಿಕೊಂಡರು. ಇಂದು ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಈ ಕೊನೆಯ ಕಾಲು ಶತಮಾನದ ಚಿತ್ರಗಳಿಂದ.

ಅವರು ಬರೆಯುತ್ತಿದ್ದುದು ಬಯಲಿನಲ್ಲಿ, ಮರದ ಎದುರೇ ಕೂತು. ಈ ಪದ್ಧತಿಗೆ ಫ್ರಾನ್ಸಿನಲ್ಲಿ ಒಂದು ಕಥೆಯಿದೆ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಕಲಾವಿದ ಬಣ್ಣ ತುಂಬುವ ತಗಡಿನ ಟ್ಯೂಬಿಗೆ ಪೇಟೆಂಟ್ ಪಡೆದ. ನಮ್ಮ ಟೂತ್‌ಪೇಸ್ಟ್ ಟ್ಯೂಬ್ ಇದ್ದ ಹಾಗೆ. ಬಣ್ಣ ಚೀಲಕ್ಕೆ ಹಾಕಿಕೊಂಡು ಹೊಲ, ಹೊಳೆ ಅಂತ ಹೊರಡುವುದು ಸುಲಭವಾಯಿತು. ಕ್ಲೋಡ್ ಮೊನೆ ಒಂದು ದೋಣಿಯನ್ನೇ ಸ್ಟುಡಿಯೊ ಮಾಡಿಕೊಂಡು ಸೇನ್ ನದಿಯ ನೀರಿನ ಮೇಲೆ ಕೂತು ಚಿತ್ರ ಬರೆದ. 1874ರಲ್ಲಿ ಅವನೂ ಗೆಳೆಯರೂ ಪ್ಯಾರಿಸ್‌ನಲ್ಲಿ ಪ್ರದರ್ಶನ ಇಟ್ಟಾಗ ವಿಮರ್ಶಕನೊಬ್ಬ ಗೇಲಿ ಮಾಡಿ ಇಟ್ಟ ಹೆಸರೇ ಇಂಪ್ರೆಷನಿಸ್ಟರು.

ಅವರು ಹಿಡಿಯಲು ಹೊರಟಿದ್ದು ಆ ಗಳಿಗೆಯ ಬೆಳಕನ್ನು. ನಮ್ಮ ಕೆರೆ ಏರಿ ಮೇಲೆ ನಿಂತು ನೋಡಿ. ಬೆಳಿಗ್ಗೆ ಆರಕ್ಕೆ ನೀರಿನ ಬಣ್ಣ ಬೇರೆ, ಹತ್ತಕ್ಕೆ ಬೇರೆ. ತೆಂಗಿನ ನೆರಳು ಕಪ್ಪು ಅಂತ ನಾವು ಹೇಳುತ್ತೇವೆ, ದಿಟ್ಟಿಸಿದರೆ ಅದರಲ್ಲಿ ನೀಲಿಯೂ ಇರುತ್ತದೆ, ಹಸಿರೂ ಇರುತ್ತದೆ.

ರುಮಾಲೆಯವರ ಚಿತ್ರಗಳಲ್ಲೂ ಈ ಬೆಳಕು ತುಂಬಿದೆ. ಬಣ್ಣ ದಪ್ಪ, ಕುಂಚದ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ಅವರನ್ನು ವ್ಯಾನ್ ಗೋ ಜೊತೆ ಹೋಲಿಸುವವರೂ ಇದ್ದಾರೆ. ಆದರೆ ಅವರ ಮರಗಳು ನಮ್ಮವು: ಕೆಂಪಗೆ ಉರಿಯುವ ಗುಲ್‌ಮೊಹರ್, ನೇರಳೆ ಬಣ್ಣದ ಜಕರಂಡ, ಕಬ್ಬನ್ ಪಾರ್ಕಿನ ನೆರಳು. ಬೆಂಗಳೂರಿನ ರಾಜಾಜಿನಗರದಲ್ಲಿ ರುಮಾಲೆ ಹೆಸರಿನ ಕಲಾಭವನವಿದೆ.

ಆಮೇಲೆ ಬೆಂಗಳೂರಿನಲ್ಲಿ ರಸ್ತೆ ಅಗಲವಾದವು, ಮೇಲ್ಸೇತುವೆ ಬಂದವು, ಎಷ್ಟೋ ಸಾಲುಮರಗಳು ಹೋದವು. ಚೆಂದಕ್ಕೆಂದು ಬರೆದ ಚಿತ್ರಗಳು ಈಗ ಊರಿನ ದಾಖಲೆಯೂ ಆಗಿವೆ. ಪತ್ರಿಕೆಯ ಸಂಪಾದಕರಾಗಿದ್ದವರು ಕುಂಚದಿಂದಲೂ ವರದಿಗಾರನ ಕೆಲಸವನ್ನೇ ಮಾಡಿದರು ಅನಿಸುತ್ತದೆ ನನಗೆ: ಜಾಗಕ್ಕೆ ಹೋಗು, ಕಣ್ಣಾರೆ ನೋಡು, ಇದ್ದದ್ದನ್ನು ಬರೆ.

ನಮ್ಮ ಕಡೆಯೂ ತೋಟಗಳು ಬದಲಾಗುತ್ತಿವೆ. ರಸ್ತೆಗೆ ಹೋದ ತೆಂಗು, ರೋಗಕ್ಕೆ ಒಣಗಿದ ತೆಂಗು, ಸೈಟಾದ ತೋಟ ಎಲ್ಲ ಕಣ್ಣ ಮುಂದೆಯೇ ಇವೆ. ಕೊಬ್ಬರಿ ಬೆಲೆ ಬಿದ್ದರೆ ನಾನು ಸುದ್ದಿ ಕಳಿಸುತ್ತೇನೆ. ಮರ ಬಿದ್ದರೆ ಕಳಿಸುವುದಿಲ್ಲ.

ಹೋದ ವಾರ ಕೆರೆ ಏರಿಯ ಆಲದಮರದ ಫೋಟೊ ತೆಗೆದು ಊರು, ದಿನಾಂಕ ಬರೆದಿಟ್ಟೆ. ಪಕ್ಕದ ಮನೆ ಹುಡುಗಿ ಅದನ್ನು ನೋಡಿ ಕ್ರೇಯಾನಿನಲ್ಲಿ ಬರೆದಳು. ನೆರಳಿಗೆ ನೀಲಿ ಹಚ್ಚಿದ್ದಾಳೆ. ಯಾರೂ ಹೇಳಿಕೊಟ್ಟಿರಲಿಲ್ಲ.