ಊರ ಗಡಿ ಬಲ್ಲವನ ಹೊಲ

ಎರಡು ಊರುಗಳ ನಡುವೆ ಗಡಿ ಜಗಳ ಬಂದರೆ ಹಿಂದೆ ಯಾರನ್ನು ಕರೆಯುತ್ತಿದ್ದರು ಗೊತ್ತೆ? ಗೌಡನನ್ನಲ್ಲ, ಶಾನುಭೋಗನನ್ನಲ್ಲ. ಹೊಲಗೇರಿಯ ಕುಳವಾಡಿಯನ್ನು. ಊರ ಮಣ್ಣನ್ನು ಉಂಡೆ ಕಟ್ಟಿ, ಉಂಡೆಯ ನಡುವೆ ನೀರಿಟ್ಟು, ಅವನ ತಲೆ ಮೇಲೆ ಹೊರಿಸುತ್ತಿದ್ದರು. ಅವನು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾಗಿ ನಡೆದರೆ ಉಂಡೆ ನಿಲ್ಲುತ್ತದೆ. ಹೆಜ್ಜೆ ತಪ್ಪಿ ಆಚೆ ಇಟ್ಟರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಅಂತ ನಂಬಿಕೆ. ಇದು ನಾನು ಕಟ್ಟಿದ ಕತೆಯಲ್ಲ. ಮೈಸೂರು ಸೀಮೆಯಲ್ಲಿದ್ದ ಕ್ಯಾಪ್ಟನ್ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ 19ನೇ ಶತಮಾನದಲ್ಲಿ ಬರೆದಿಟ್ಟು ಹೋದದ್ದು.

ನಮ್ಮವನ ಕಾಲಿನ ಮೇಲೆ ಊರಿಗೆ ಅಷ್ಟು ನಂಬಿಕೆ. ಆದರೆ ಅದೇ ಕಾಲು ಗುಡಿ ಮೆಟ್ಟಿಲು ತುಳಿಯುವ ಹಾಗಿಲ್ಲ, ಊರ ಬಾವಿ ಕಟ್ಟೆ ಹತ್ತುವ ಹಾಗಿಲ್ಲ. ಊರು ಎಲ್ಲಿ ಮುಗಿಯುತ್ತದೆ ಅಂತ ಹೇಳಬೇಕಾದವನು ಊರೊಳಗೆ ಬಾಳುವ ಹಾಗಿಲ್ಲ. ಎಲ್ಲರ ಗಡಿ ಬಲ್ಲ ಆ ಮನುಷ್ಯನ ಸ್ವಂತ ಹೊಲ ಎಲ್ಲಿತ್ತು, ಎಲ್ಲಿ ಹೋಯಿತು? ಇದು ನನಗೆ ಬರೀ ಪುಸ್ತಕದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ.

ಹಾಸನದ ಕಡೆಯ ನಮ್ಮೂರಲ್ಲಿ ನಮ್ಮ ಮುತ್ತಾತ ಕುಳವಾಡಿ. ಅವನಾದ ಮೇಲೆ ತಾತ ತೋಟಿ. ನಾನು ಐದಾರು ವರ್ಷದವನಿದ್ದಾಗ ತಾತ ಒಂದು ಸಲ ನನ್ನ ಕೈ ಹಿಡಿದು ಹೊಲದ ಕಡೆ ಕರೆದುಕೊಂಡು ಹೋಗಿದ್ದ. ನೆನಪಿರುವುದು ಇಷ್ಟೆ: ಒಂದು ಹಳ್ಳ. ಹಳ್ಳ ಸೊಟ್ಟ ತಿರುಗುವ ಕಡೆ ಜೋಡಿ ಹೊಂಗೆ ಮರ. ಕಣದಷ್ಟು ಅಗಲದ ಒಂದು ಬಂಡೆ. "ಇದು ತಮಟೆಕಲ್ಲು ಕಣ್ಮಗ. ಇಲ್ಲಿಂದ ಆ ಹೊಂಗೆಮರದ ಗಂಟ ನಮ್ದೇ ಇತ್ತು" ಅಂದಿದ್ದ. ತಮಟೆಯ ಚರ್ಮ ಒಣಗಿಸುತ್ತಿದ್ದ ಬಂಡೆಯಂತೆ ಅದು. ಆಮೇಲೆ ತಾತ ತೀರಿಕೊಂಡ. ಡಿಗ್ರಿ ಮುಗಿಸಿ ಊರಿಗೆ ಬಂದ ಮೇಲೆ ಆ ಜಾಗ ಹುಡುಕಲು ಹೊರಟೆ. ಹುಡುಕುತ್ತಾ ಹೋದ ಹಾಗೆ ಹೊಲಕ್ಕಿಂತ ಮೊದಲು ಚರಿತ್ರೆ ಸಿಕ್ಕಿತು.

ತೋಟಿಯ ಕೆಲಸ ಏನು ಅಂತ ಹಳೆಯ ತಲೆಮಾರಿನವರನ್ನು ಕೇಳಿ ನೋಡಿ. ತಮಟೆ ಹೊಡೆದು ಊರಿಗೆ ಸುದ್ದಿ ಸಾರಬೇಕು. ಕಂದಾಯದ ಗಂಟು ಹೊತ್ತು ತಾಲೂಕು ಕಚೇರಿಗೆ ನಡೆಯಬೇಕು. ಬಂದ ಅಮಲ್ದಾರನ ಸಾಮಾನು ಹೊರಬೇಕು. ಕಣ ಕಾಯಬೇಕು. ಸತ್ತ ದನ ಎಳೆಯಬೇಕು. ಸಾವಿನ ಸುದ್ದಿ ಹೊತ್ತು ರಾತ್ರಿಯಲ್ಲಿ ಬೇರೆ ಊರಿಗೆ ಓಡಬೇಕು. ಇದಕ್ಕೆಲ್ಲ ಸಂಬಳ ಅಂತ ಇರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ಸಿಗುವ ಆಯ, ಜೊತೆಗೆ ಒಂದು ತುಂಡು ಇನಾಮು ಜಮೀನು. ಇನಾಮು ಅನ್ನುವ ಮಾತಿಗೆ ಮೋಸಹೋಗಬೇಡಿ. ಗುಡಿಯ ಇನಾಮು ಎಂಥ ನೆಲ, ತೋಟಿಯ ಇನಾಮು ಎಂಥ ನೆಲ ಅಂತ ನಿಮ್ಮ ನಿಮ್ಮ ಊರಲ್ಲೇ ಹೋಗಿ ನೋಡಿ. ನಮ್ಮೂರಲ್ಲಿ ಕೆರೆ ಕೆಳಗಿನ ಗದ್ದೆ ಗುಡಿಗೆ, ಹಳ್ಳದ ಪಕ್ಕದ ಕಲ್ಲು ನೆಲ ತೋಟಿಗೆ.

ಈ ನೆಲ ಕೊಟ್ಟದ್ದು ಬದುಕಲಿ ಅಂತಲ್ಲ, ಬಿಟ್ಟು ಹೋಗದಿರಲಿ ಅಂತ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಕಂಡವರು ಬಾಬಾಸಾಹೇಬರು. ಮುಂಬಯಿ ಪ್ರಾಂತದಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಮಹಾರರನ್ನು ವತನಿನ ತುಂಡು ನೆಲಕ್ಕೆ ಕಟ್ಟಿ ಹಾಕಿತ್ತು. 1928ರಲ್ಲಿ ಅಂಬೇಡ್ಕರ್ ಆ ಕಾಯಿದೆಯನ್ನು ತಿದ್ದಲು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ಹಗಲಿರುಳು ಗೇಯುವ ಜನಕ್ಕೆ ಸರ್ಕಾರ ಸಂಬಳ ಕೊಡಲಿ, ಇಲ್ಲವಾದರೆ ಆ ಚಾಕರಿಯಿಂದ ಬಿಡುಗಡೆ ಕೊಡಲಿ ಅನ್ನುವುದು ಅವರ ವಾದದ ತಿರುಳು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಹಾಗಾಗಿ ಆ ಜಗಳ ಮರಾಠಿ ಜನದ್ದು ಮಾತ್ರವಲ್ಲ, ನಮ್ಮದೂ ಹೌದು.

ಮೈಸೂರು ಸರ್ಕಾರ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ತಂದದ್ದು 1961ರಲ್ಲಿ, ಜಾರಿಯಾದದ್ದು 1963ರ ಫೆಬ್ರವರಿ 1ರಂದು. ಪಟೇಲಗಿರಿ, ಶಾನುಭೋಗಿಕೆಯ ಜೊತೆಗೆ ತೋಟಿ, ತಳವಾರಿಕೆ, ನೀರಗಂಟಿಕೆಯೂ ಹೋದವು. ಒಳ್ಳೆಯದೇ ಆಯಿತು. ಆದರೆ ಹುದ್ದೆ ಜೊತೆಗೆ ಇನಾಮು ಜಮೀನೂ ಸರ್ಕಾರಕ್ಕೆ ಹೋಯಿತು. ಹುದ್ದೆ ಮಾಡಿದವನು ಹಣ ಕಟ್ಟಿದರೆ ಅದನ್ನು ಅವನಿಗೇ ಮರುಮಂಜೂರು ಮಾಡಿಕೊಡುತ್ತೇವೆ ಅಂದಿತು ಕಾಯಿದೆ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಶಾನುಭೋಗನಿಗೂ ಇದೇ ಕಾಯಿದೆ, ತೋಟಿಗೂ ಇದೇ ಕಾಯಿದೆ. ಒಬ್ಬನ ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಬ್ಬನ ಕೈಯಲ್ಲಿ ತಮಟೆ. ಕಾಯಿದೆ ಬಂದಿದೆ ಅಂತ ಒಬ್ಬನಿಗೆ ಮೊದಲ ದಿನವೇ ಗೊತ್ತು. ಇನ್ನೊಬ್ಬನಿಗೆ ಗೊತ್ತಾಗುವ ಹೊತ್ತಿಗೆ ಹೊಲ ಭೋಗ್ಯಕ್ಕೆ ಹೋಗಿದೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಅತ್ತೆಯ ಮದುವೆಗೆ ಅಂತ ತಾತ ರಾಗಿಯನ್ನೂ ಒಂದಿಷ್ಟು ದುಡ್ಡನ್ನೂ ತಂದು ಹೆಬ್ಬೆಟ್ಟು ಒತ್ತಿದ್ದನಂತೆ. ಆ ಕಾಗದದಲ್ಲಿ ಏನಿತ್ತು ಅಂತ ಓದಿ ಹೇಳುವವರು ಕೇರಿಯಲ್ಲಿ ಒಬ್ಬರೂ ಇರಲಿಲ್ಲ.

ಜಾಗ ಹುಡುಕಿದ್ದರ ಮಾತಿಗೆ ಬರುತ್ತೇನೆ. ಊರಲ್ಲಿ ಕೇಳಿದರೆ "ತಮಟೆಕಲ್ಲಾ? ಅಂಥದ್ದು ಯಾವ್ದೂ ಇಲ್ಲಪ್ಪ" ಅನ್ನುವವರೇ ಎಲ್ಲ. ಹಳ್ಳದ ಗುಂಟ ನಡೆದೆ. ಹೊಂಗೆ ಮರಗಳಿಲ್ಲ. ಜೆಸಿಬಿ ಹೊಡೆದು ನೆಲ ಮಟ್ಟ ಮಾಡಿದ್ದಾರೆ. ಗುತ್ತಿಗೆಗೆ ಹಿಡಿದವರು ಶುಂಠಿ ಹಾಕಿದ್ದಾರೆ. ಹಳ್ಳವನ್ನೇ ಒತ್ತಿ ಒತ್ತಿ ಕಾಲುವೆ ಮಾಡಿಟ್ಟಿದ್ದಾರೆ. ಕೊನೆಗೆ ನಮ್ಮ ಕೇರಿಯ ಒಬ್ಬ ಮುದುಕಿ, ಕಣ್ಣು ಕಾಣದವಳು, ಜಗಲಿಯಲ್ಲಿ ಕೂತುಕೊಂಡೇ ಚೆಕ್ಕುಬಂದಿ ಹೇಳಿದಳು. "ಮೂಡ್ಲಾಗೆ ಹಳ್ಳ, ಪಡುವ್ಲಾಗೆ ಗೌಡ್ರ ಬೇಲಿ, ತೆಂಕ್ಲಾಗೆ ಗಾಡಿ ಜಾಡು, ಬಡಗ್ಲಾಗೆ ನಮ್ಮಪ್ಪನ ಗೋರಿ. ನಡುವೆ ಕಲ್ಲು. ಕೂಲಿಗೆ ಹೋಗೋವಾಗ ಆ ಕಲ್ಲಿನ ಮ್ಯಾಲೇ ಕುಂತು ಮುದ್ದೆ ಉಣ್ತಿದ್ವಿ ಕಣಪ್ಪ" ಅಂದಳು.

ನೋಡಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರದಲ್ಲೂ ಚೆಕ್ಕುಬಂದಿ ಬರೆಯುವುದು ಹೀಗೆಯೇ. ಮುದುಕಿಯ ಬಾಯಲ್ಲಿ ಇದ್ದದ್ದು ಬರೀ ಹಳೇ ನೆನಪಲ್ಲ, ದಾಖಲೆ. ಅದಕ್ಕೆ ಸೀಲು ಇಲ್ಲ, ಅಷ್ಟೆ.

ಆ ಮಾತು ಹಿಡಿದು ಗ್ರಾಮ ನಕ್ಷೆ ತೆಗೆಸಿದೆ. ನಕ್ಷೆಯಲ್ಲಿ ಕೆರೆ ಇದೆ, ಗುಡಿ ಇದೆ, ದಾರಿ ಇದೆ. ತಮಟೆಕಲ್ಲು ಅನ್ನುವ ಹೆಸರಿಲ್ಲ. ಆದರೆ ಹಳ್ಳದ ಗೆರೆ ಒಂದು ಕಡೆ ಸೊಟ್ಟ ತಿರುಗಿದೆ. ತಿರುಗಿದ ಕಡೆಯ ಸರ್ವೆ ನಂಬರಿಗೆ ಕೈಬರಹದ ಹಳೆಯ ಪುಸ್ತಕದಲ್ಲಿ ‘ತೋಟಿ ಇನಾಮ್ತಿ’ ಅಂತಿದೆ. ನಂತರದ ಪಹಣಿಯಲ್ಲಿ ಬೇರೆಯವರ ಹೆಸರು. ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟಿತು ಅಂತ ಹೇಳುವ ಆದೇಶದ ನಂಬರು ಇರಬೇಕಾದ ಕಾಲಂ ಖಾಲಿ. ಬಂಡೆ ಇದ್ದ ಜಾಗ ಲೆಕ್ಕದಲ್ಲಿ ‘ಖರಾಬು’. ಕಂದಾಯ ಹುಟ್ಟದ ನೆಲಕ್ಕೆ ಸರ್ಕಾರದ ಭಾಷೆಯಲ್ಲಿ ಇರುವ ಹೆಸರು ಅದು. ನಮ್ಮ ಹೆಂಗಸರು ಕೂತು ಉಂಡ ಕಲ್ಲು, ನಮ್ಮ ಗಂಡಸರು ತಮಟೆ ಕಾಯಿಸಿದ ಕಲ್ಲು ಖರಾಬು! ನಮ್ಮ ಕೇರಿಯನ್ನು ಊರು ಯಾವ ಕಣ್ಣಿಂದ ನೋಡಿತೋ ಅದೇ ಕಣ್ಣಿಂದ ಕಾಗದ ನಮ್ಮ ಬಂಡೆಯನ್ನೂ ನೋಡಿದೆ.

ಆಮೇಲೆ ಬಂದ ಕಾಯಿದೆಗಳಾದರೂ ಕೈ ಹಿಡಿದವೆ? 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಅದು ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಕೂಲಿಯವನ ಹೆಸರು, ಜೀತದವನ ಹೆಸರು ಯಾವ ಗೇಣಿ ಕಾಲಮ್ಮಿನಲ್ಲಿತ್ತು? ದಲಿತರಿಗೆ ಮಂಜೂರಾದ ಜಮೀನು ಕೈಬಿಟ್ಟು ಹೋದರೆ ವಾಪಸು ಕೊಡಿಸುವ ಪಿಟಿಸಿಎಲ್ ಕಾಯಿದೆ 1978ರದ್ದು, ಜಾರಿ 1979ರ ಜನವರಿ 1ರಿಂದ. ಕಾಲಮಿತಿಯ ಅಡ್ಡಿ ತೆಗೆಯಲು 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಬಂತು. ಆದರೆ ಆ ಕಾಯಿದೆಯಲ್ಲಿ ‘ಮಂಜೂರಾದ ಜಮೀನು’ ಅಂದರೆ ಏನು ಅಂತ ಹೇಳುವ ಕಲಂ ಓದಿ. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಕಾನೂನಿನಡಿ ಬಂದ ಜಮೀನನ್ನು ಅದರಿಂದ ಹೊರಗಿಟ್ಟಿದ್ದಾರೆ. ತಲೆತಲಾಂತರ ಚಾಕರಿ ಮಾಡಿ ಉಳಿಸಿಕೊಂಡ ನೆಲಕ್ಕೇ ಬಾಗಿಲು ಮುಚ್ಚಿದೆ. ಊರ ಹೊರಗೆ ಇಟ್ಟವರನ್ನು ಕಾಯಿದೆಯ ಹೊರಗೂ ಇಡಲಾಗಿದೆ.

ಹಾಗಂತ ಕೈಕಟ್ಟಿ ಕೂರಬೇಕೆ? 1961ರ ಕಾಯಿದೆಯೊಳಗೇ ಅನಧಿಕೃತವಾಗಿ ಹಿಡಿದುಕೊಂಡವರನ್ನು ತೆರವು ಮಾಡುವ ಮಾತಿದೆ. ಹಳೆಯ ಪುಸ್ತಕಗಳ ನಕಲು ಕೇಳಲು 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ಆದರೆ ಏನನ್ನು ಕೇಳಬೇಕು ಅಂತ ಗೊತ್ತಾಗಬೇಕಾದರೆ ಜಾಗ ಗೊತ್ತಿರಬೇಕು. ಜಾಗ ಗೊತ್ತಿರುವವರು ಮುದುಕರು. ಅವರು ವರ್ಷಕ್ಕೊಬ್ಬರಂತೆ ಹೋಗುತ್ತಿದ್ದಾರೆ. ಒಬ್ಬೊಬ್ಬರ ಜೊತೆಗೂ ನಾಲ್ಕು ದಿಕ್ಕಿನ ಚೆಕ್ಕುಬಂದಿ ಮಣ್ಣಾಗುತ್ತಿದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಮಕ್ಕಳಿಗೆ ರಾಜರ ಯುದ್ಧದ ಇಸವಿ ಕಲಿಸಿ, ಬೇಡ ಅನ್ನುವುದಿಲ್ಲ. ಜೊತೆಗೆ ಒಂದು ಗ್ರಾಮ ನಕ್ಷೆ ತರಿಸಿ ಗೋಡೆಗೆ ಹಾಕಿ. ‘ನಿಮ್ಮ ಅಜ್ಜಿ ಕೂಲಿಗೆ ಹೋಗುವಾಗ ಎಲ್ಲಿ ಕೂತು ಉಣ್ಣುತ್ತಿದ್ದಳು, ಕೇಳಿಕೊಂಡು ಬಂದು ಇಲ್ಲಿ ಗುರುತು ಮಾಡು’ ಅಂತ ಹೇಳಿ. ಹಾಸ್ಟೆಲಿನ ಗೆಳೆಯರೇ, ಹಬ್ಬಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕು ಹಿಡಿದು ಜಗಲಿ ಜಗಲಿಗೆ ಹೋಗಿ. ಕಲ್ಲಿನ ಹೆಸರು, ಮರದ ಹೆಸರು, ಹೊಲದ ಹೆಸರು ಬರೆದುಕೊಳ್ಳಿ. ತೋಟಿ, ತಳವಾರ, ನೀರಗಂಟಿ, ಕುಳವಾಡಿ ಅನ್ನುವ ಮಾತು ಬಂದ ಕಡೆ ಅಡಿಗೆರೆ ಹಾಕಿ, ಸರ್ವೆ ನಂಬರು ಹುಡುಕಿ.

ಊರವರ ಗಡಿ ಉಳಿಸಲು ನಮ್ಮ ಹಿರಿಯರು ತಲೆ ಮೇಲೆ ಮಣ್ಣು ಹೊತ್ತು ನಡೆದರು. ತಪ್ಪಿದರೆ ಸಾವು ಅಂತ ಗೊತ್ತಿದ್ದೂ ನಡೆದರು. ಇನ್ನು ನಮ್ಮ ಗಡಿಗಾಗಿ ನಾವು ನಡೆಯಬೇಕು. ಈ ಸಲ ತಲೆ ಮೇಲೆ ಉಂಡೆ ಬೇಡ. ಕೈಯಲ್ಲಿ ನಕ್ಷೆ ಇರಲಿ.